ಬರೆಯುವುದು ಮಗು, ಅಂಕ ಶಾಲೆಗೆ

ಟೆಕ್ಸಸ್‌ನಲ್ಲಿ ರಾಜ್ಯ ನಡೆಸುವ 'ಸ್ಟಾರ್' ಎಂಬ ಶಾಲಾ ಪರೀಕ್ಷೆ ಹೋಯ್ತು ಎಂಬ ಸುದ್ದಿ 2025ರಿಂದ ಓಡಾಡುತ್ತಿದೆ. ಸುದ್ದಿ ಅರ್ಧ ನಿಜ. ಪ್ರತಿ ವಸಂತದಲ್ಲಿ ಮಕ್ಕಳು ಬರೆಯುವ ಆ ಪರೀಕ್ಷೆಯನ್ನು ತೆಗೆಯುವ ಕಾನೂನು ಆ ವರ್ಷ ಬಂದಿರುವುದು ಹೌದು. ಆದರೆ ಅದು ಜಾರಿಗೆ ಬರುವುದು 2027-28ರ ಶಾಲಾ ವರ್ಷದಿಂದ. ಅದರ ಜಾಗಕ್ಕೆ ಬರುವುದು ಒಂದಲ್ಲ, ಮೂರು ಚಿಕ್ಕ ಪರೀಕ್ಷೆ. ಅತ್ತ ಮ್ಯಾಸಚೂಸೆಟ್ಸ್‌ನ ಮತದಾರರು 2024ರ ನವೆಂಬರ್‌ನಲ್ಲಿ 'ಎಂಕಾಸ್' ಎಂಬ ತಮ್ಮ ರಾಜ್ಯದ ಪರೀಕ್ಷೆ ಪಾಸಾಗದಿದ್ದರೂ ಹೈಸ್ಕೂಲ್ ಡಿಪ್ಲೊಮಾ ಸಿಗಬೇಕು ಎಂದು ತೀರ್ಮಾನಿಸಿದರು. ಅಲ್ಲೂ ಪರೀಕ್ಷೆ ನಿಂತಿಲ್ಲ. ಡಿಪ್ಲೊಮಾಕ್ಕೂ ಅದಕ್ಕೂ ಇದ್ದ ಗಂಟು ಮಾತ್ರ ಬಿಚ್ಚಿತು.

ಹೀಗೆ ಅರ್ಧ ಹೋದ, ಅರ್ಧ ಉಳಿದ ಪರೀಕ್ಷೆಗಳ ನಡುವೆ ಡಲ್ಲಾಸ್, ಹ್ಯೂಸ್ಟನ್, ನ್ಯೂಜೆರ್ಸಿ, ಬೇ ಏರಿಯಾದ ಕನ್ನಡದ ಮನೆಗಳಲ್ಲೂ ಒಂದು ಪ್ರಶ್ನೆ ಏಳುತ್ತದೆ. ಹೇಗೂ ಹೋಗಲಿರುವ ಪರೀಕ್ಷೆಗೆ ಮಗುವನ್ನು ಯಾಕೆ ಕೂರಿಸಬೇಕು? ಆ ವಾರ ಮನೆಯಲ್ಲೇ ಇಟ್ಟುಕೊಂಡರೆ ಏನಾಗುತ್ತೆ? ಊರಲ್ಲಿರುವ ಅಜ್ಜಿ-ತಾತನಿಗಂತೂ ಪ್ರಶ್ನೆಯೇ ಅರ್ಥವಾಗದು. ಪರೀಕ್ಷೆ ದಿನ ಬೇಕೂಂತಲೇ ಮಗುವನ್ನು ಮನೇಲಿ ಇಟ್ಟುಕೊಳ್ಳೋದಾ?

ಹೌದು, ಅಮೆರಿಕದಲ್ಲಿ ಲಕ್ಷಾಂತರ ಪೋಷಕರು ಹಾಗೆ ಮಾಡಿದ್ದಾರೆ. ಅದಕ್ಕೆ ಅಲ್ಲಿ 'ಆಪ್ಟ್ ಔಟ್' ಎನ್ನುತ್ತಾರೆ. ಅದು ಕೆಲವು ಕಡೆ ಗೆದ್ದಿದೆ, ಕೆಲವು ಕಡೆ ಮಗುವಿಗೇ ತಿರುಗಿ ಹೊಡೆದಿದೆ. ಯಾಕೆ ಹೀಗೆ ಎಂದು ತಿಳಿಯಲು ಪರೀಕ್ಷೆಯ ಹಿಂದಿನ ಲೆಕ್ಕ ನೋಡಬೇಕು.

ಇದು ಯಾರ ಪರೀಕ್ಷೆ?

ನಮಗೆ ಪರೀಕ್ಷೆ ಎಂದರೆ ಮಗುವಿನ ಪರೀಕ್ಷೆ. ಮಾರ್ಕ್ಸ್ ಕಾರ್ಡ್ ಮೇಲೆ ಮಗುವಿನ ಹೆಸರು, ಪಾಸೋ ಫೇಲೋ ಮಗುವಿನ ಪಾಡು. ಅಮೆರಿಕದ ಈ ಪರೀಕ್ಷೆಗಳ ಸ್ವಭಾವ ಬೇರೆ. ಹೆಚ್ಚಿನ ರಾಜ್ಯಗಳಲ್ಲಿ 3ರಿಂದ 8ನೇ ಗ್ರೇಡ್‌ವರೆಗಿನ ಪರೀಕ್ಷೆಯಿಂದ ಮಗು ಫೇಲಾಗುವುದಿಲ್ಲ. ರಿಪೋರ್ಟ್ ಕಾರ್ಡಿನ ಗ್ರೇಡ್‌ಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಎಷ್ಟೋ ಕಡೆ ಫಲಿತಾಂಶ ಮನೆಗೆ ಬರುವಷ್ಟರಲ್ಲಿ ಬೇಸಿಗೆ ರಜೆ ಶುರುವಾಗಿ, ಮಗು ಮುಂದಿನ ತರಗತಿಗೆ ಹೊರಟಿರುತ್ತದೆ.

ಹಾಗಾದರೆ ಅಳೆಯುತ್ತಿರುವುದು ಯಾರನ್ನು? ಶಾಲೆಯನ್ನು. ಜಾರ್ಜ್ ಬುಷ್ 2002ರ ಜನವರಿಯಲ್ಲಿ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು 3ರಿಂದ 8ನೇ ಗ್ರೇಡ್‌ವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಂದು ಸಲ, ಓದು ಮತ್ತು ಗಣಿತದಲ್ಲಿ ಪರೀಕ್ಷೆ ಕಡ್ಡಾಯ ಮಾಡಿತು. 2014ರ ಹೊತ್ತಿಗೆ ಶೇ 100ರಷ್ಟು ಮಕ್ಕಳು ನಿಗದಿತ ಮಟ್ಟ ಮುಟ್ಟಬೇಕು ಎಂಬ ಗುರಿಯನ್ನೂ ಇಟ್ಟಿತು. ಶೇ 100! ಯಾವ ಊರಿನ ಯಾವ ಶಾಲೆಯಲ್ಲೂ ಆಗದ ಮಾತು. ಆಗದಿದ್ದಾಗ ಶಾಲೆಗೆ 'ವಿಫಲ' ಎಂಬ ಹಣೆಪಟ್ಟಿ ಬಿತ್ತು.

2015ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮ ಸಹಿ ಹಾಕಿದ 'ಎವೆರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್' ಶಿಕ್ಷೆಯ ಅಧಿಕಾರವನ್ನು ಬಹುಮಟ್ಟಿಗೆ ರಾಜ್ಯಗಳ ಕೈಗೆ ಕೊಟ್ಟಿತು. ಪರೀಕ್ಷೆಗಳನ್ನು ಮಾತ್ರ ಹಾಗೇ ಉಳಿಸಿಕೊಂಡಿತು. ಜೊತೆಗೆ, ಪರೀಕ್ಷೆಗೆ ಕನಿಷ್ಠ ಶೇ 95ರಷ್ಟು ಮಕ್ಕಳು ಕೂರಬೇಕು ಎಂಬ ಹಳೆಯ ನಿಯಮವೂ ಉಳಿಯಿತು. ಇಡೀ ಜಗಳದ ಬೇರು ಇರುವುದು ಈ 95ರಲ್ಲಿ.

ಮನೇಲಿರಿ ಎಂದು ಮೊದಲು ಹೇಳಿದ್ದು ಶಾಲೆಗಳು

ಈ 95 ಯಾಕೆ ಬಂತು? ಪೋಷಕರನ್ನು ಹೆದರಿಸಲು ಅಂತೂ ಅಲ್ಲ. ಮಕ್ಕಳನ್ನು ಮನೆಗೆ ಕಳಿಸುವ ಶಾಲೆಗಳನ್ನು ತಡೆಯಲು.

ಶಾಲೆಯ ಹೆಸರು ಸರಾಸರಿ ಅಂಕದ ಮೇಲೆ ನಿಂತಿತು ಎಂದುಕೊಳ್ಳಿ. ಸರಾಸರಿ ಏರಿಸಲು ಎರಡು ದಾರಿ. ಒಂದು, ಎಲ್ಲರಿಗೂ ಚೆನ್ನಾಗಿ ಕಲಿಸುವುದು. ಅದು ಕಷ್ಟದ ದಾರಿ. ಇನ್ನೊಂದು, ಕಡಿಮೆ ಅಂಕ ತೆಗೆಯುವ ಮಕ್ಕಳು ಆ ದಿನ ಬಾರದಂತೆ ನೋಡಿಕೊಳ್ಳುವುದು. ಅಂಗವಿಕಲ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳು ಲೆಕ್ಕದಿಂದ ಹೊರಗುಳಿಯುತ್ತಿದ್ದದ್ದು ಹೀಗೆ. ಅಂಗವಿಕಲ ಮಕ್ಕಳನ್ನೂ ರಾಜ್ಯದ ಪರೀಕ್ಷೆಗಳಲ್ಲಿ ಸೇರಿಸಲೇಬೇಕು ಎಂದು 1997ರಲ್ಲಿ ಫೆಡರಲ್, ಅಂದರೆ ಕೇಂದ್ರದ, ಕಾನೂನನ್ನೇ ತಿದ್ದಬೇಕಾಯಿತು.

95ರ ನಿಯಮ ಬಂದ ಮೇಲೂ ಈ ಚಟ ಪೂರ್ತಿ ಹೋಗಲಿಲ್ಲ. ಟೆಕ್ಸಸ್‌ನ ಎಲ್ ಪಾಸೊದಲ್ಲಿ ಪರೀಕ್ಷೆಯ ಲೆಕ್ಕಕ್ಕೆ ಬರುತ್ತಿದ್ದದ್ದು 10ನೇ ಗ್ರೇಡ್. ಅಲ್ಲಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ, ಕಡಿಮೆ ಅಂಕ ಬರಬಹುದಾದ ಮಕ್ಕಳನ್ನು, ಅದರಲ್ಲೂ ಮೆಕ್ಸಿಕೊದಿಂದ ಬಂದವರನ್ನು, 9ರಲ್ಲೇ ಹಿಡಿದಿಡುವುದು, ಇಲ್ಲವೇ 10ನ್ನು ಹಾರಿಸಿ ನೇರ 11ಕ್ಕೆ ದಾಟಿಸುವುದು ನಡೆಯಿತು. ಇನ್ನು ಕೆಲವರಿಗೆ ಶಾಲೆಗೇ ಬರಬೇಡಿ ಎಂಬ ಸೂಚನೆ. ಆ ಡಿಸ್ಟ್ರಿಕ್ಟ್‌ನ ಮುಖ್ಯಸ್ಥನಾಗಿದ್ದ ಲೊರೆಂಜೊ ಗಾರ್ಸಿಯಾ ತಪ್ಪೊಪ್ಪಿಕೊಂಡ. 2012ರಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಪಟ್ಟಿಯಿಂದ ಮಾಯವಾದ ಆ ಮಕ್ಕಳನ್ನು ಊರಿನವರು 'ಕಾಣೆಯಾದವರು' ಎಂದೇ ಕರೆಯುತ್ತಿದ್ದರು.

ನಮಗೇನೂ ಇದು ಅನ್ಯಗ್ರಹದ ಕಥೆಯಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 100 ಎಂದು ಬ್ಯಾನರ್ ಕಟ್ಟಲು 9ರಲ್ಲೇ ಮಕ್ಕಳನ್ನು ಸೋಸಿ ಟಿಸಿ ಕೈಗಿಡುವ ಶಾಲೆಗಳ ಬಗ್ಗೆ ಕರ್ನಾಟಕದಲ್ಲಿ ಎಷ್ಟು ದೂರು ಕೇಳಿಲ್ಲ?

ಶೇ 95ರ ಲೆಕ್ಕ

ಈಗ ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ. ಒಂದು ಶಾಲೆ. ಪರೀಕ್ಷೆ ಬರೆಯಬೇಕಾದವರು 100 ಮಕ್ಕಳು. ಎಲ್ಲರೂ ಬರೆದಿದ್ದರೆ 70 ಮಕ್ಕಳು ನಿಗದಿತ ಮಟ್ಟ ಮುಟ್ಟುತ್ತಿದ್ದರು. ಅಂದರೆ ಶೇ 70.

ಅದರಲ್ಲಿ 20 ಮಕ್ಕಳನ್ನು ಪೋಷಕರು ಕೂರಿಸಲಿಲ್ಲ. ಆ 20ರಲ್ಲಿ 15 ಜನ ಚೆನ್ನಾಗಿ ಓದುವವರು. ಉಳಿದ 80 ಮಕ್ಕಳು ಬರೆದರು, 55 ಜನ ಮಟ್ಟ ಮುಟ್ಟಿದರು. ಬರೆದವರನ್ನಷ್ಟೇ ಲೆಕ್ಕ ಹಾಕಿದರೆ ಸುಮಾರು ಶೇ 69. ದೊಡ್ಡ ವ್ಯತ್ಯಾಸವೇನಿಲ್ಲ, ಅಲ್ವಾ?

ಫೆಡರಲ್ ಕಾನೂನು ಹೀಗೆ ಭಾಗಿಸುವುದಿಲ್ಲ. ಬರೆದವರು 95ಕ್ಕಿಂತ ಕಡಿಮೆಯಿದ್ದರೂ 95ರಿಂದಲೇ ಭಾಗಿಸಬೇಕು. 55ನ್ನು 95ರಿಂದ ಭಾಗಿಸಿದರೆ ಸುಮಾರು ಶೇ 58. ಪಾಠ ಮಾಡಿದ ಟೀಚರ್ ಅವರೇ, ಪಾಠವೂ ಅದೇ, ಮಕ್ಕಳೂ ಅವರೇ. ಶಾಲೆ ಮಾತ್ರ 70ರಿಂದ 58ಕ್ಕೆ ಇಳಿಯಿತು. 95ರಲ್ಲಿ ಬರೆದ 80 ಕಳೆದರೆ, ಬಾರದ ಮಕ್ಕಳಲ್ಲಿ 15 ಜನ, ಅವರಲ್ಲಿ ಹೆಚ್ಚಿನವರಿಗೆ ಗಣಿತ ಬಂದರೂ, ಗಣಿತ ಬಾರದವರ ಸಾಲಿಗೆ ಸೇರಿದರು.

ಶೇ 95 ಇಡೀ ಶಾಲೆಗೆ ಮಾತ್ರವಲ್ಲ, ಪ್ರತಿ ಗುಂಪಿಗೂ ಅನ್ವಯ. ಕಪ್ಪು ಮಕ್ಕಳು, ಏಷ್ಯನ್ ಮಕ್ಕಳು, ಬಡ ಕುಟುಂಬದವರು, ಅಂಗವಿಕಲರು, ಇಂಗ್ಲಿಷ್ ಕಲಿಯುವವರು, ಹೀಗೆ ಒಂದೊಂದು ಗುಂಪಿನ ಲೆಕ್ಕ ಬೇರೆ ಬೇರೆ. ಒಂದು ಗುಂಪಿನಲ್ಲಿ 30 ಮಕ್ಕಳಿದ್ದರೆ ಇಬ್ಬರು ಬಾರದಿದ್ದರೂ ಸಾಕು, 95 ತಪ್ಪಿತು.

ಇಷ್ಟಾದರೂ ಕಾನೂನಿನಲ್ಲಿ ಇನ್ನೊಂದು ಸಾಲಿದೆ. ಮಗುವನ್ನು ಪರೀಕ್ಷೆಗೆ ಕೂರಿಸಬೇಕೋ ಬೇಡವೋ ಎಂಬ ಬಗ್ಗೆ ಆಯಾ ರಾಜ್ಯದ ಕಾನೂನು ಏನು ಹೇಳುತ್ತದೋ ಅದನ್ನು ಫೆಡರಲ್ ಕಾನೂನು ತಳ್ಳಿಹಾಕುವುದಿಲ್ಲ ಎಂದು. ಶಾಲೆಗೆ 95 ಕಡ್ಡಾಯ, ಪೋಷಕರಿಗೆ ರಾಜ್ಯ ಬಿಟ್ಟಷ್ಟು ಸ್ವಾತಂತ್ರ್ಯ. ಗೊಂದಲ ಹುಟ್ಟಿದ್ದೇ ಇಲ್ಲಿ. ಒಂದು ಕೈಯಲ್ಲಿ ಬಾಗಿಲು ತೆರೆದು, ಇನ್ನೊಂದು ಕೈಯಲ್ಲಿ ದಂಡದ ಚೀಟಿ ಹಿಡಿದಂತೆ. ಚೀಟಿ ಮಾತ್ರ ಬಾಗಿಲು ದಾಟಿದವರ ಹೆಸರಿಗಲ್ಲ, ಶಾಲೆಯ ಹೆಸರಿಗೆ.

ಲಾಂಗ್ ಐಲೆಂಡ್‌ನ ಪತ್ರಗಳು

ಈ ಚಳವಳಿ ನಿಜಕ್ಕೂ ದೊಡ್ಡದಾದದ್ದು ನ್ಯೂಯಾರ್ಕ್ ರಾಜ್ಯದಲ್ಲಿ. 2012ರಲ್ಲಿ ಆ ರಾಜ್ಯದ ಶೇ 55ರಷ್ಟು ಮಕ್ಕಳು ಇಂಗ್ಲಿಷ್‌ನಲ್ಲೂ ಶೇ 65ರಷ್ಟು ಮಕ್ಕಳು ಗಣಿತದಲ್ಲೂ ನಿಗದಿತ ಮಟ್ಟ ಮುಟ್ಟಿದ್ದರು. 2013ರಲ್ಲಿ 'ಕಾಮನ್ ಕೋರ್' ಎಂಬ ಹೊಸ ಕಲಿಕಾ ಮಾನದಂಡದ ಮೇಲೆ ಹೊಸ ಪರೀಕ್ಷೆ ಬಂತು. ಎರಡೂ ವಿಷಯದಲ್ಲಿ ಫಲಿತಾಂಶ ಸುಮಾರು ಶೇ 31ಕ್ಕೆ ಕುಸಿಯಿತು. ಮಕ್ಕಳೇನು ಒಂದೇ ವರ್ಷದಲ್ಲಿ ದಡ್ಡರಾದರೇ? ಅಳತೆಗೋಲು ಬದಲಾಗಿತ್ತು, ಅಷ್ಟೇ. ನಿನ್ನೆವರೆಗೆ 'ಚೆನ್ನಾಗಿ ಓದ್ತಾನೆ' ಎನಿಸಿಕೊಂಡಿದ್ದ ಮಗನ ಬಗ್ಗೆ 'ಮಟ್ಟಕ್ಕಿಂತ ಕಡಿಮೆ' ಎಂಬ ಕಾಗದ ಮನೆಗೆ ಬಂದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ಇದರ ಜೊತೆಗೇ ಟೀಚರ್‌ಗಳ ಮೌಲ್ಯಮಾಪನಕ್ಕೂ ಇದೇ ಅಂಕಗಳನ್ನು ಕಟ್ಟಿದರು. ಗವರ್ನರ್ ಆಂಡ್ರ್ಯೂ ಕೂಮೊ 2015ರಲ್ಲಿ ಅದರ ತೂಕವನ್ನು ಸುಮಾರು ಅರ್ಧಕ್ಕೆ ಏರಿಸಲು ಹೊರಟರು. ಈ ಲೆಕ್ಕ ಎಷ್ಟು ವಿಚಿತ್ರವಾಗಿತ್ತು ಎಂಬುದಕ್ಕೆ ಒಂದು ಪ್ರಕರಣ ಸಾಕು. ನ್ಯೂಯಾರ್ಕ್ ನಗರದ ಪಕ್ಕದ ಲಾಂಗ್ ಐಲೆಂಡ್‌ನ ಗ್ರೇಟ್ ನೆಕ್‌ನಲ್ಲಿ 4ನೇ ಗ್ರೇಡ್‌ನ ಒಬ್ಬ ಟೀಚರ್‌ಗೆ ಒಂದು ವರ್ಷ 20ಕ್ಕೆ 14 ಬಂತು. ಮರುವರ್ಷ 20ಕ್ಕೆ 1. ಅವರ ಮಕ್ಕಳ ಫಲಿತಾಂಶ ಎರಡೂ ವರ್ಷ ಹೆಚ್ಚುಕಮ್ಮಿ ಒಂದೇ! ಅವರು ಕೋರ್ಟಿಗೆ ಹೋದರು. ಈ ಅಂಕಕ್ಕೆ ತಲೆಬುಡವಿಲ್ಲ ಎಂಬರ್ಥದ ತೀರ್ಪು 2016ರಲ್ಲಿ ಬಂತು.

ಪೋಷಕರ ಸಿಟ್ಟು ಮತ್ತು ಟೀಚರ್‌ಗಳ ಸಿಟ್ಟು ಒಂದೇ ಕಡೆ ಹರಿದವು. ರಾಜ್ಯದ ಶಿಕ್ಷಕರ ಸಂಘವೇ ಆಪ್ಟ್ ಔಟ್‌ಗೆ ಕರೆ ಕೊಟ್ಟಿತು. ವಿಧಾನ ಸರಳ. 'ನನ್ನ ಮಗು ಈ ಪರೀಕ್ಷೆ ಬರೆಯುವುದಿಲ್ಲ' ಎಂದು ಪ್ರಿನ್ಸಿಪಾಲರಿಗೆ ಒಂದು ಪತ್ರ. ಹೆಚ್ಚಿನ ಮಕ್ಕಳು ಮನೆಯಲ್ಲಿ ಉಳಿಯಲೂ ಇಲ್ಲ. ಶಾಲೆಗೆ ಬಂದು ಲೈಬ್ರರಿಯಲ್ಲಿ ಕೂತರು. ಕೆಲವು ಡಿಸ್ಟ್ರಿಕ್ಟ್‌ಗಳು ಹಠಕ್ಕೆ ಬಿದ್ದು, ಪುಸ್ತಕವನ್ನೂ ಕೊಡದೆ, ಬರೆಯುವ ಮಕ್ಕಳ ನಡುವೆಯೇ ಸುಮ್ನೆ ಕೂರಿಸಿದ್ದೂ ಉಂಟು. 'ಕೂತು ದಿಟ್ಟಿಸು' ನಿಯಮ ಎಂದು ಅದಕ್ಕೆ ಹೆಸರೇ ಬಿತ್ತು. ಎಂಟೊಂಬತ್ತು ವರ್ಷದ ಮಗುವನ್ನು ಗಂಟೆಗಟ್ಟಲೆ ಗೋಡೆ ನೋಡುತ್ತ ಕೂರಿಸುವುದು ಯಾವ ಸೀಮೆಯ ಶಿಸ್ತೋ.

2014ರಲ್ಲಿ ಬರೆಯದವರು ಸುಮಾರು ಶೇ 5. 2015ರಲ್ಲಿ ಸುಮಾರು ಶೇ 20, ಅಂದರೆ 2 ಲಕ್ಷಕ್ಕೂ ಜಾಸ್ತಿ ಮಕ್ಕಳು. ಲಾಂಗ್ ಐಲೆಂಡ್‌ನ ಹಲವು ಡಿಸ್ಟ್ರಿಕ್ಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು.

ಸರ್ಕಾರ ಬಗ್ಗಿತು. ಟೀಚರ್‌ಗಳ ಮೌಲ್ಯಮಾಪನಕ್ಕೆ ಈ ಅಂಕ ಬಳಸುವುದನ್ನು 2015ರ ಡಿಸೆಂಬರ್‌ನಲ್ಲಿ ತಡೆಹಿಡಿಯಲಾಯಿತು. 2019ರಲ್ಲಿ ಕಾನೂನೇ ಬದಲಾಯಿತು. 2016ರಿಂದ ಸಮಯದ ಮಿತಿ ತೆಗೆದರು. 2018ರಿಂದ ಪ್ರತಿ ವಿಷಯಕ್ಕೆ ಮೂರು ದಿನವಿದ್ದದ್ದು ಎರಡು ದಿನವಾಯಿತು. ಬೇಡಿಕೆಗಳು ಈಡೇರುತ್ತಾ ಬಂದಂತೆ ಬಹಿಷ್ಕಾರವೂ ಇಳಿಯಿತು. 2019ರಲ್ಲಿ ಅದು ಸುಮಾರು ಶೇ 16.

ಇಲ್ಲಿ ಗಮನಿಸಬೇಕಾದದ್ದು ನ್ಯೂಯಾರ್ಕ್ ನಗರ. ಅದೇ ರಾಜ್ಯ, ಅದೇ ಪ್ರಶ್ನೆಪತ್ರಿಕೆ. ಆದರೆ 2015ರಲ್ಲಿ ನಗರದಲ್ಲಿ ಬರೆಯದವರು ಶೇ 2 ಕೂಡ ಇರಲಿಲ್ಲ. ಒಂದು ಕಾರಣ, ನಗರದ ಬೇಡಿಕೆಯ ಮಿಡಲ್ ಸ್ಕೂಲ್‌ಗಳು ಆಗ 4ನೇ ಗ್ರೇಡ್‌ನ ಈ ಅಂಕ ನೋಡಿ ಸೀಟು ಕೊಡುತ್ತಿದ್ದವು. ಅಂಕ ಶಾಲೆಯದ್ದಾಗಿದ್ದ ಕಡೆ ಪೋಷಕರು ಪತ್ರ ಬರೆದರು. ಅಂಕ ಮಗುವಿನದ್ದೂ ಆದ ಕಡೆ ಪೆನ್ಸಿಲ್ ಚೂಪು ಮಾಡಿ ಕಳಿಸಿದರು.

ಬಹಿಷ್ಕಾರ ಬೇಡ ಎಂದವರು ಯಾರು?

ಸರ್ಕಾರ ಮತ್ತು ಪರೀಕ್ಷೆ ಮಾರುವ ಕಂಪನಿಗಳು ಮಾತ್ರ ವಿರೋಧಿಸಿದ್ದರೆ ಕಥೆ ಸಲೀಸಾಗಿತ್ತು. 2015ರ ಮೇನಲ್ಲಿ ಹನ್ನೆರಡು ನಾಗರಿಕ ಹಕ್ಕುಗಳ ಸಂಘಟನೆಗಳು ಒಟ್ಟಾಗಿ ಆಪ್ಟ್ ಔಟ್ ವಿರುದ್ಧ ಹೇಳಿಕೆ ಕೊಟ್ಟವು. ಕಪ್ಪು ಜನರ ಹಕ್ಕಿಗಾಗಿ ಶತಮಾನದಿಂದ ಹೋರಾಡುತ್ತಿರುವ ಎನ್‌ಎಎಸಿಪಿಯೂ ಅದರಲ್ಲಿತ್ತು.

ಅವರ ವಾದ ಹೀಗೆ. ಬಡವರ, ಕಪ್ಪು ಜನರ ಬಡಾವಣೆಯ ಶಾಲೆಯಲ್ಲಿ ಪಾಠ ನಡೆಯುತ್ತಿಲ್ಲ ಎಂದು ಮೊದಲು ಹೇಳಿದರೆ ನಂಬುವವರೇ ಇರಲಿಲ್ಲ. ಗುಂಪುವಾರು ಅಂಕ ಬಂದ ಮೇಲೆ ಅದು ಸರ್ಕಾರದ ದಾಖಲೆಯಲ್ಲೇ ಕಾಣತೊಡಗಿತು. ಆ ದಾಖಲೆ ಹಿಡಿದೇ ಕೋರ್ಟಿಗೆ, ಶಾಸನಸಭೆಗೆ ಹೋಗಬಹುದು. ಅನುಕೂಲಸ್ಥ ಪೋಷಕರು ಮಕ್ಕಳನ್ನು ಎಳೆದುಕೊಂಡರೆ ಆ ದಾಖಲೆಯೇ ಹಾಳು. ಆಪ್ಟ್ ಔಟ್ ಮಾಡಿದವರಲ್ಲಿ ಬಿಳಿಯ, ಓದಿದ, ಮಧ್ಯಮಕ್ಕಿಂತ ಮೇಲಿನ ವರ್ಗದವರೇ ಜಾಸ್ತಿ ಎಂಬುದು ಸಮೀಕ್ಷೆಗಳಲ್ಲೂ ಕಂಡಿದೆ.

ಪೋಷಕರ ಕಡೆಯ ಉತ್ತರವೂ ಗಟ್ಟಿಯಾಗಿಯೇ ಇದೆ. ಶಾಲಾ ವ್ಯವಸ್ಥೆಯ ನಾಡಿ ನೋಡಲು ಪ್ರತಿ ಮಗುವನ್ನೂ ಪ್ರತಿ ವರ್ಷ ಯಾಕೆ ಕೂರಿಸಬೇಕು? ಅಮೆರಿಕದಲ್ಲೇ 'ನೇಪ್' ಎಂಬ ರಾಷ್ಟ್ರೀಯ ಪರೀಕ್ಷೆ ಇದೆ. ಆಯ್ದ ಶಾಲೆಗಳ ಆಯ್ದ ಮಕ್ಕಳು ಮಾತ್ರ ಬರೆಯುತ್ತಾರೆ, ಇಷ್ಟವಿಲ್ಲದವರು ಬಿಡಬಹುದು. ಭಾರತದಲ್ಲಿ 2021ರ ನ್ಯಾಷನಲ್ ಅಚೀವ್‌ಮೆಂಟ್ ಸರ್ವೆ ನಡೆದದ್ದೂ ಇದೇ ಮಾದರಿಯಲ್ಲಿ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎಂಬ ಲೆಕ್ಕ. ಆದರೆ ಅಗುಳು ಇಡೀ ಪಾತ್ರೆಯ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ತಟ್ಟೆಯ ಬಗ್ಗೆ ಹೇಳುವುದಿಲ್ಲ. ಅಂಥ ಸ್ಯಾಂಪಲ್‌ನಿಂದ ರಾಜ್ಯದ ಸ್ಥಿತಿ ಗೊತ್ತಾಗುತ್ತದೆ. ನಿರ್ದಿಷ್ಟ ಬಡಾವಣೆಯ ನಿರ್ದಿಷ್ಟ ಶಾಲೆಯಲ್ಲಿ ಕಪ್ಪು ಮಕ್ಕಳಿಗೆ ಗಣಿತ ಬರುತ್ತಿದೆಯೇ ಎಂಬುದು ಗೊತ್ತಾಗುವುದಿಲ್ಲ. ನಾಗರಿಕ ಹಕ್ಕುಗಳವರ ಪಟ್ಟು ಇರುವುದೇ ಅಲ್ಲಿ.

ಅಂಕಕ್ಕೆ ಕೆಲಸ, ಸಂಬಳ, ಮರ್ಯಾದೆ ಎಲ್ಲ ಕಟ್ಟಿದರೆ ದಾಖಲೆಯೂ ನೆಟ್ಟಗಿರುವುದಿಲ್ಲ ಎಂಬುದೂ ನಿಜವೇ. ಅಟ್ಲಾಂಟಾದಲ್ಲಿ ಮಕ್ಕಳ ಉತ್ತರ ಪತ್ರಿಕೆಯ ತಪ್ಪು ಉತ್ತರ ಅಳಿಸಿ ಸರಿ ಉತ್ತರ ಗುರುತು ಮಾಡಿದವರು ಶಾಲೆಯವರೇ. 2011ರ ತನಿಖೆಯಲ್ಲಿ 44 ಶಾಲೆಗಳ 178 ಮಂದಿಯ ಹೆಸರು ಬಂತು. ಹನ್ನೊಂದು ಮಂದಿ 2015ರಲ್ಲಿ ಅಪರಾಧಿಗಳೆಂದು ಸಾಬೀತಾಯಿತು.

ಪತ್ರವಿಲ್ಲದೆ ಸುಮ್ನೆ ರಜೆ ಹಾಕಿದರೆ

ಈಗ ಮನೆಯ ಪ್ರಶ್ನೆಗೆ ಬರೋಣ. ಹುಷಾರಿಲ್ಲ ಎಂದು ಒಂದು ದಿನ ರಜೆ ಹಾಕಿದರೆ ಪರೀಕ್ಷೆ ತಪ್ಪಿತೇ? ಇಲ್ಲ. ಪರೀಕ್ಷೆಗೆ ಇರುವುದು ಒಂದು ದಿನವಲ್ಲ, ಹಲವು ದಿನಗಳ ಅವಧಿ. ತಪ್ಪಿಸಿಕೊಂಡ ಮಗು ಮರಳಿ ಬಂದ ದಿನವೇ 'ಮೇಕಪ್ ಟೆಸ್ಟ್' ಎಂದು ಬೇರೆ ಕೋಣೆಗೆ ಕರೆಯುತ್ತಾರೆ. ಪೂರ್ತಿ ತಪ್ಪಿಸಬೇಕೆಂದರೆ ಆ ಅವಧಿ ಮುಗಿಯುವವರೆಗೂ ಮನೆಯಲ್ಲಿ ಇರಿಸಬೇಕು. ಅಲ್ಲಿಂದ ಹಾಜರಾತಿಯ ತಲೆನೋವು ಶುರು.

ಕ್ಯಾಲಿಫೋರ್ನಿಯಾದವರಿಗೆ ಈ ಕಷ್ಟವಿಲ್ಲ. ಅಲ್ಲಿನ ಶಿಕ್ಷಣ ಸಂಹಿತೆಯ 60615ನೇ ಸೆಕ್ಷನ್ ಪ್ರಕಾರ ಪೋಷಕರು ಬರೆದು ಕೊಟ್ಟರೆ ಶಾಲೆ ವಿನಾಯಿತಿ ಕೊಡಲೇಬೇಕು. ಟೀಚರ್‌ಗಳು ಮಾತ್ರ 'ಬರೆದು ಕೊಡಿ' ಎಂದು ಪುಸಲಾಯಿಸುವಂತಿಲ್ಲ. ಆರೆಗಾನ್‌ನಲ್ಲೂ 2015ರ ಕಾನೂನು ಯಾವ ಕಾರಣಕ್ಕಾದರೂ ಬಿಡಬಹುದು ಎನ್ನುತ್ತದೆ. ನ್ಯೂಯಾರ್ಕ್‌ನಲ್ಲಿ ಹಕ್ಕು ಕೊಡುವ ಕಾನೂನಿಲ್ಲ, ಆದರೂ ಪತ್ರಕ್ಕೆ ಬೆಲೆಯಿದೆ.

ಟೆಕ್ಸಸ್ ಪೂರ್ತಿ ಉಲ್ಟಾ. ಧಾರ್ಮಿಕ, ನೈತಿಕ ನಂಬಿಕೆಗೆ ವಿರುದ್ಧವಾದ ಪಾಠದಿಂದ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗೆ ಉಂಟು. ಆದರೆ ಪರೀಕ್ಷೆ ತಪ್ಪಿಸಲು ಈ ಹಕ್ಕು ಬಳಸುವಂತಿಲ್ಲ ಎಂದು ಅದೇ ಸೆಕ್ಷನ್‌ನಲ್ಲಿ ಬರೆದಿದೆ. ಶಾಲೆಗೆ ಬಂದು ಮಗು ಉತ್ತರಿಸದೇ ಕೂತರೆ ಖಾಲಿ ಪರೀಕ್ಷೆಯನ್ನೇ ಅಂಕಕ್ಕೆ ಕಳಿಸುತ್ತಾರೆ. ಮನೆಯಲ್ಲಿದ್ದರೆ ಗೈರುಹಾಜರಿ. ಎರಡರಲ್ಲೂ ಮಗು 'ಪಾಸಾಗದವರ' ಪಟ್ಟಿಗೆ. ಪಾಸಾಗದ ವಿಷಯಕ್ಕೆ 15 ಅಥವಾ 30 ಗಂಟೆ ಹೆಚ್ಚುವರಿ ಪಾಠ ಕೊಡಬೇಕೆಂದು ಕಾನೂನಿದೆ. ಗಣಿತ ಚೆನ್ನಾಗಿ ಬರುವ ಮಗುವೂ ಅಲ್ಲಿ ಕೂರಬೇಕಾದೀತು.

ಹಾಜರಾತಿಯ ಕಡೆಯಿಂದ ನೋಡಿದರೆ, ಅನುಮತಿಯಿಲ್ಲದೆ ನಾಲ್ಕು ವಾರದಲ್ಲಿ ಮೂರು ದಿನ ತಪ್ಪಿದರೆ ಟೆಕ್ಸಸ್‌ನಲ್ಲಿ ಮನೆಗೆ ಎಚ್ಚರಿಕೆ ಕಾಗದ ಬರುತ್ತದೆ. ಆರು ತಿಂಗಳಲ್ಲಿ ಹತ್ತು ದಿನ ತಪ್ಪಿದರೆ ವಿಷಯ ಕೋರ್ಟಿಗೂ ಹೋಗಬಹುದು. ಪೋಷಕರಿಗೆ ಮೊದಲ ಸಲ 100 ಡಾಲರ್‌ವರೆಗೆ ದಂಡ. ಇನ್ನೊಂದು ಮಾತು. ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಹಣ ಬರುವುದು ದಿನದ ಸರಾಸರಿ ಹಾಜರಾತಿ ನೋಡಿ. ಪರೀಕ್ಷೆ ವಿರುದ್ಧ ಸಿಟ್ಟಿಗೆ ಮಗುವನ್ನು ಮನೆಯಲ್ಲಿಟ್ಟರೆ ಪೆಟ್ಟು ಬೀಳುವುದು ಪರೀಕ್ಷೆ ಮಾಡಿದ ರಾಜ್ಯಕ್ಕಲ್ಲ, ಮಗುವಿನ ಶಾಲೆಯ ಗಲ್ಲಾಪೆಟ್ಟಿಗೆಗೆ.

ನಮ್ಮವರಿಗೆ ನೇರವಾಗಿ ತಟ್ಟುವ ಒಂದು ನಿಯಮವೂ ಇದೆ. 2023ರ ಟೆಕ್ಸಸ್ ಕಾನೂನಿನಂತೆ, 5ನೇ ಗ್ರೇಡ್‌ನ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ 40ರೊಳಗೆ ಬಂದ ಮಗುವಿಗೆ 6ರಲ್ಲಿ ಅಡ್ವಾನ್ಸ್ಡ್ ಗಣಿತದ ತರಗತಿ ತಾನಾಗಿಯೇ ಸಿಗಬೇಕು. ಸ್ಥಳೀಯ ಅಳತೆಗೋಲನ್ನು ಬಳಸಲೂ ಡಿಸ್ಟ್ರಿಕ್ಟ್‌ಗಳಿಗೆ ಅವಕಾಶವಿದೆ. ಪರೀಕ್ಷೆಯನ್ನೇ ನೋಡುವ ಕಡೆ ಬರೆಯದ ಮಗುವಿನ ಈ ನೇರ ದಾರಿ ಮುಚ್ಚಿದಂತೆ. ಹೈಸ್ಕೂಲಿನಲ್ಲಂತೂ ಕೋರ್ಸ್ ಕೊನೆಯ ಪರೀಕ್ಷೆಗಳು ಡಿಪ್ಲೊಮಾಕ್ಕೇ ಬೇಕು. ಅಲ್ಲಿ ಆಪ್ಟ್ ಔಟ್ ಮಾತೇ ಇಲ್ಲ.

ಫ್ಲೋರಿಡಾದ ಕೆಲವು ಪೋಷಕರು ಬೇರೆ ಜಾಣತನ ಮಾಡಿ ನೋಡಿದರು. ಅಲ್ಲಿ 3ನೇ ಗ್ರೇಡ್‌ನ ಓದಿನ ಪರೀಕ್ಷೆ ಪಾಸಾಗದಿದ್ದರೆ ಮಗುವನ್ನು ಅಲ್ಲೇ ಉಳಿಸಿಕೊಳ್ಳಬಹುದು. ಮಕ್ಕಳು ಬಂದರು, ಪತ್ರಿಕೆ ಒಡೆದರು, ಹೆಸರು ಬರೆದರು, ಮುಚ್ಚಿಟ್ಟರು. ಭಾಗವಹಿಸಿದೆವಲ್ಲ ಎಂಬುದು ವಾದ. ಕೆಳಗಿನ ಕೋರ್ಟ್ 2016ರಲ್ಲಿ ಒಪ್ಪಿತು. ಮೇಲ್ಮನವಿ ಕೋರ್ಟ್ 2017ರಲ್ಲಿ ಒಪ್ಪಲಿಲ್ಲ.

ಮನೆಮಾತು ಕನ್ನಡ ಎಂದು ಬರೆದವರಿಗೆ

ಅಮೆರಿಕದ ಶಾಲೆಗೆ ಮಗುವನ್ನು ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಕೇಳುವ ಒಂದು ಫಾರಂ ಕೊಡುತ್ತಾರೆ. ಅಭಿಮಾನದಿಂದ 'ಕನ್ನಡ' ಎಂದು ಬರೆದ ಕೂಡಲೇ ಇನ್ನೊಂದು ಪರೀಕ್ಷೆಯ ಬಾಗಿಲು ತೆರೆಯುತ್ತದೆ. ಮೊದಲು ಇಂಗ್ಲಿಷ್ ಬರುತ್ತದೆಯೇ ಎಂದು ನೋಡುತ್ತಾರೆ. ಸಾಲದು ಎನಿಸಿದರೆ ಮಗುವಿಗೆ 'ಇಂಗ್ಲಿಷ್ ಕಲಿಯುವ ವಿದ್ಯಾರ್ಥಿ' ಎಂಬ ಗುರುತು. ಆಮೇಲೆ ಪ್ರತಿ ವರ್ಷ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ನಾಲ್ಕರಲ್ಲೂ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು 'ಎಲ್ಪ್ಯಾಕ್', ಟೆಕ್ಸಸ್‌ನಲ್ಲಿ 'ಟೆಲ್ಪಾಸ್'.

ಇದಕ್ಕೆ ಆಪ್ಟ್ ಔಟ್ ಇಲ್ಲ. ಕ್ಯಾಲಿಫೋರ್ನಿಯಾದ 60615 ಕೂಡ ಎಲ್ಪ್ಯಾಕ್‌ಗೆ ಅನ್ವಯವಾಗದು. ಬರೆಯದೇ ಬಿಟ್ಟರೆ ಗುರುತು ಅಳಿಸುವ ದಾರಿಯೂ ಮುಚ್ಚುತ್ತದೆ, ಯಾಕೆಂದರೆ ಅಳಿಸಲು ಬೇಕಾದದ್ದೇ ಆ ಅಂಕ. ಟೆಕ್ಸಸ್‌ನಲ್ಲಿ ಟೆಲ್ಪಾಸ್ ಜೊತೆಗೆ ಸ್ಟಾರ್‌ನ ಓದಿನ ಅಂಕವನ್ನೂ ನೋಡುತ್ತಾರೆ. ಒಂದು ಪರೀಕ್ಷೆಗೆ ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಇನ್ನೊಂದು ಪರೀಕ್ಷೆ ಮರುವರ್ಷಕ್ಕೂ ಬೆನ್ನಿಗೆ ಬರಬಹುದು. ಈ ತಾಪತ್ರಯ ಬೇಡವೆಂದು ಕನ್ನಡದ ಮನೆಯಲ್ಲೂ 'ಇಂಗ್ಲಿಷ್' ಎಂದು ಗೀಚಿ ಕೊಡುವ ಮಂದಿ ಇದ್ದಾರೆ. ಮಗುವಿಗೆ ಇಂಗ್ಲಿಷ್ ನಿಜಕ್ಕೂ ತೊಡಕಾಗಿದ್ದರೆ ಆಗ ತಪ್ಪುವುದು ಪರೀಕ್ಷೆಯಷ್ಟೇ ಅಲ್ಲ, ಸಿಗಬೇಕಾದ ಸಹಾಯ ಕೂಡ.

ಕರ್ನಾಟಕದಲ್ಲಿ ಕೋರ್ಟಿಗೆ ಹೋದವರು ಯಾರು?

ಇಂಥದೇ ಜಗಳ ಕರ್ನಾಟಕದಲ್ಲೂ ಆಗಿದೆ. 5, 8, 9ನೇ ತರಗತಿಗೆ ರಾಜ್ಯಮಟ್ಟದ ಒಂದೇ ಪ್ರಶ್ನೆಪತ್ರಿಕೆ ಎಂದಾಗ ಅದು ಬೋರ್ಡ್ ಪರೀಕ್ಷೆಯಾಯಿತು, ಶಿಕ್ಷಣ ಹಕ್ಕು ಕಾಯ್ದೆಗೆ ವಿರುದ್ಧ ಎಂಬ ತಕರಾರು ಎದ್ದಿತು. 2024ರ ಮಾರ್ಚ್ ನೆನಪಿಸಿಕೊಳ್ಳಿ. 6ರಂದು ಹೈಕೋರ್ಟ್‌ನ ಏಕಸದಸ್ಯ ಪೀಠ ರದ್ದು ಮಾಡಿತು. 7ರಂದು ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರು. 12ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ಬದಿಗಿಟ್ಟಿತು, ಪರೀಕ್ಷೆ ಅರ್ಧಕ್ಕೇ ನಿಂತಿತು. 22ರಂದು ವಿಭಾಗೀಯ ಪೀಠ ಪರೀಕ್ಷೆ ಸರಿ ಎಂದಿತು. 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ ಹಾಕಿತು. ಹತ್ತು ವರ್ಷದ ಮಗುವಿಗೆ ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಹೇಳಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಆದರೂ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡು ಪ್ರತಿಭಟಿಸುವ ಚಳವಳಿ ಇಲ್ಲಿ ಏಳಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಮುಂದಿದ್ದದ್ದು ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು. ನನ್ನ ಪ್ರಕಾರ ಇದಕ್ಕೆ ಕಾರಣ ಮೇಲೆ ನೋಡಿದ ನ್ಯೂಯಾರ್ಕ್ ನಗರದ್ದೇ. ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರ 5 ಮತ್ತು 8ರ ಬಗ್ಗೆ ಎಷ್ಟೇ ಹೇಳಿದರೂ ನಮ್ಮ ಪೋಷಕರಿಗೆ ಅಂಕ ಎಂದರೆ ಅದು ಮಗುವಿನದ್ದೇ. ಶಾಲೆಯನ್ನು ಅಳೆಯಲು ಮಗುವಿನಿಂದ ಬರೆಸುತ್ತಾರೆ ಎಂಬುದು ನಮ್ಮ ತಲೆಗೆ ಬೇಗ ಹತ್ತುವುದಿಲ್ಲ. ಇಂಗ್ಲೆಂಡಿನವರಿಗೆ ಹತ್ತಿತು. 2016ರ ಮೇ 3ರಂದು ಅಲ್ಲಿನ ಸಾವಿರಾರು ಪೋಷಕರು ಆರೇಳು ವರ್ಷದ ಮಕ್ಕಳ 'ಸ್ಯಾಟ್ಸ್' ವಿರೋಧಿಸಿ ಮಕ್ಕಳನ್ನು ಶಾಲೆಗೆ ಕಳಿಸದೆ ಪಾರ್ಕಿಗೆ, ಕಾಡಿಗೆ ಕರೆದುಕೊಂಡು ಹೋದರು. ಆ ವಯಸ್ಸಿನವರ ಪರೀಕ್ಷೆ 2023-24ರಿಂದ ಐಚ್ಛಿಕವಾಗಿದೆ.

ಟೆಕ್ಸಸ್‌ನ ಮುಂದಿನ ವಸಂತ

ಮತ್ತೆ ಟೆಕ್ಸಸ್‌ಗೆ ಬಂದರೆ, ಹೊಸ ಕಾನೂನು ಪೋಷಕರ ಒಂದು ದೂರಿಗೆ ಉತ್ತರ ಕೊಟ್ಟಿದೆ. ವರ್ಷದ ಕೊನೆಗೆ ಒಂದು ಭಾರಿ ಪರೀಕ್ಷೆ, ಫಲಿತಾಂಶ ಬರುವಷ್ಟರಲ್ಲಿ ಟೀಚರ್ ಬೇರೆ ಎಂಬ ದೂರು ಅದು. ಇನ್ನು ವರ್ಷದ ಶುರುವಿಗೊಂದು, ನಡುವೆ ಒಂದು, ಕೊನೆಗೊಂದು. ಶುರುವಿನ ಅಂಕ ನೋಡಿ ಅದೇ ಟೀಚರ್ ಅದೇ ಮಗುವಿಗೆ ಏನಾದರೂ ಮಾಡಲು ಸಮಯ ಸಿಗುತ್ತದೆ. ಇದು ನಿಜವಾದ ಲಾಭ.

ಆದರೆ ಶಾಲೆಗಳಿಗೆ ಎಯಿಂದ ಎಫ್‌ವರೆಗೆ ಗ್ರೇಡ್ ಕೊಡುವ ಪದ್ಧತಿ ಹೋಗಿಲ್ಲ. ಮನೆ ಕೊಳ್ಳುವವರು ವೆಬ್‌ಸೈಟಿನಲ್ಲಿ ಬೆಲೆಯ ಪಕ್ಕದಲ್ಲೇ ಶಾಲೆಗೆ ಹತ್ತಕ್ಕೆಷ್ಟು ಅಂಕ ಎಂದು ನೋಡುವುದೂ ನಿಲ್ಲುವುದಿಲ್ಲ. ಆ ಸಂಖ್ಯೆ ನೋಡಿಯೇ ಬಡಾವಣೆ ಆರಿಸಿ, ಸಾಲ ಮಾಡಿ ಮನೆ ಕೊಂಡ ಪೋಷಕರು, ಅದೇ ಸಂಖ್ಯೆ ಹುಟ್ಟುವ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಂಡರೆ ತಮ್ಮ ಮನೆಯ ಬೆಲೆಯನ್ನು ತಾವೇ ಅಲುಗಾಡಿಸಿದಂತೆ. ಪರೀಕ್ಷೆ ತಪ್ಪಿಸುವ ಹಕ್ಕು ಪೋಷಕರಿಗಿಲ್ಲ ಎಂಬ ಹಳೆಯ ಸೆಕ್ಷನ್ ಕೂಡ ಪುಸ್ತಕದಲ್ಲಿ ಹಾಗೇ ಇದೆ. ಸ್ಟಾರ್‌ಗೆ ಉಳಿದಿರುವ ಕೊನೆಯ ವಸಂತ 2027ರದ್ದು. ಆ ವಸಂತದಲ್ಲಿ ಒಂದು ಅವಧಿ ತಪ್ಪಿಸಿಕೊಂಡ ಮನೆಯವರು, ಮರುವರ್ಷವೂ ಅದೇ ಹಠ ಹಿಡಿದರೆ, ಮೂರು ಸಲ ಕ್ಯಾಲೆಂಡರ್ ನೋಡಬೇಕಾಗುತ್ತದೆ.